ಹೆಂಚಿನಡಿಯ ಅಕ್ಷರ: ಮಂಗಳೂರಿಗೂ ಕೊಡಗಿಗೂ ಬಂದ ಜರ್ಮನರನ್ನು ನಮ್ಮೂರಲ್ಲಿ ಹೇಗೆ ನೆನೆಯೋಣ?

ಪ್ರಶ್ನೆ: ಸಿದ್ದಾಪುರದ ಕನ್ನಡ ಟೀಚರ್

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಸಮೀಪದ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಕನ್ನಡ ಕಲಿಸಿ ಹೋದ ವರ್ಷ ನಿವೃತ್ತಳಾದೆ. ಬರುವ ಜುಲೈ 1ರಂದು ನಮ್ಮೂರ ಗ್ರಂಥಾಲಯದ ಕೋಣೆಯಲ್ಲಿ ಅರ್ಧ ದಿನದ ಒಂದು ಕಾರ್ಯಕ್ರಮ ಮಾಡಬೇಕೆಂದು ಹೊರಟಿದ್ದೇನೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಒಂದು ದುಡ್ಡಿನ ಬೆಲೆಗೆ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಆ ನೆನಪಿಗೇ ನಾಡಿನಾದ್ಯಂತ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಆದರೆ ಕೊಡಗಿನವರಾದ ನಮಗೆ ಮೋಗ್ಲಿಂಗ್ ಬರೀ ಮಂಗಳೂರಿನವರಲ್ಲ. 1850ರ ದಶಕದಲ್ಲಿ ಅವರು ಇಲ್ಲಿಗೆ ಬಂದು ಆಲ್ಮಂಡದಲ್ಲಿ, ಆಮೇಲೆ ಆನಂದಪುರದಲ್ಲಿ ನೆಲೆಸಿದವರು. ಆನಂದಪುರದ ರಸ್ತೆಯಲ್ಲಿ ದಿನಾ ಓಡಾಡುವ ನನ್ನ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಹೇಳದೆ ಇದ್ದವಳು ನಾನೇ, ಪಠ್ಯ ಮುಗಿಸುವ ಅವಸರದಲ್ಲಿ.

ಈ ಯೋಚನೆ ಶುರುವಾದದ್ದು ಒಂದು ಹೆಂಚಿನಿಂದ. 2018ರ ಆಗಸ್ಟಿನ ಮಳೆಯಲ್ಲಿ ನಮ್ಮ ಮನೆಯ ಹಿಂದಿನ ಬರೆ ಜಾರಿ ಅಡುಗೆಮನೆಯ ಮಾಡು ಒಂದು ಮಗ್ಗುಲಿಗೆ ಕೂತುಬಿಟ್ಟಿತು. ಮಳೆ ಹೊಳವಾದ ಮೇಲೆ ಉಳಿದ ಹೆಂಚುಗಳನ್ನು ಇಳಿಸಿ ಅಂಗಳದಲ್ಲಿ ಪೇರಿಸುತ್ತಿದ್ದೆವು. ಮೇಲ್ಮೈಯೆಲ್ಲ ಪಾಚಿ ಹಿಡಿದು ಕಪ್ಪಾಗಿತ್ತು. ಒಂದನ್ನು ಮಗುಚಿದರೆ ಒಳಮೈ ಇನ್ನೂ ಕೆಂಪು, ಬೆರಳಾಡಿಸಿದರೆ ಅಕ್ಷರಗಳು ತಾಗಿದವು. ಒಲೆಯ ಹೊಗೆಯ ಮಸಿ ಒರೆಸಿದ ಮೇಲೆ ಓದಲು ಬಂತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ನಮ್ಮ ಅಜ್ಜನ ಕಾಲದಲ್ಲಿ ಸಂಪಾಜೆ ಘಾಟಿ ಹತ್ತಿ ಎತ್ತಿನ ಗಾಡಿಯಲ್ಲಿ ಬಂದ ಹೆಂಚುಗಳೆಂದು ಮನೆಯಲ್ಲಿ ಹೇಳುತ್ತಿದ್ದರು. 1865ರಲ್ಲಿ ಸುಟ್ಟ ಹೆಂಚು ನೂರೈವತ್ತು ಮಳೆಗಾಲ ನಮ್ಮ ಅನ್ನದ ಪಾತ್ರೆಯನ್ನು ಕಾಪಾಡಿತೆಂದು ಅವತ್ತು ನಿಂತಲ್ಲೇ ಕೈಮುಗಿದೆ.

ಇನ್ನೊಂದು ಕಾರಣವನ್ನೂ ಬಿಚ್ಚಿ ಹೇಳಿಬಿಡುತ್ತೇನೆ. ನನ್ನ ತಾಯಿಯ ಕಡೆಯವರು ಆನಂದಪುರದವರು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಗದ್ದೆಗಳಲ್ಲಿ ತಲೆಮಾರುಗಟ್ಟಲೆ ಜೀತದಾಳುಗಳಾಗಿ ದುಡಿದ ಹೊಲೆಯರಲ್ಲಿ ಕೆಲವರು ಮಿಷನ್ನಿನ ಆ ಹೊಸ ಊರಿಗೆ ಸೇರಿದರು, ಅವರ ಮಕ್ಕಳು ಅಲ್ಲಿ ಅಕ್ಷರ ಕಲಿತರು. ನನ್ನ ಅಜ್ಜಿ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ‘ನಮ್ಮ ಪೈಕಿ ತನ್ನ ಹೆಸರನ್ನು ತಾನೇ ಬರೆದ ಮೊದಲ ಹೆಣ್ಣು ನನ್ನ ಅಜ್ಜಿ.’ ಎಣ್ಣೆಕಾಗದದಲ್ಲಿ ಸುತ್ತಿಟ್ಟ ಒಂದು ಹಾಳೆಯನ್ನು ಹಬ್ಬದ ದಿನ ತೆಗೆದು ತೋರಿಸುತ್ತಿದ್ದರು. ಅದರಲ್ಲಿ ಪೆನ್ಸಿಲಿನ ನಾಲ್ಕು ಅಕ್ಷರ, ಕೊನೆಯದು ಸ್ವಲ್ಪ ಕೆಳಕ್ಕೆ ಜಾರಿದೆ. ನಾನು ಕನ್ನಡ ಟೀಚರಾದದ್ದು ಆ ಜಾರಿದ ಅಕ್ಷರದಿಂದಲೇ ಎಂದು ನಂಬಿದ್ದೇನೆ.

ನನ್ನ ಪ್ರಶ್ನೆ ಇಷ್ಟು. ಹಾರ, ಭಾಷಣ, ನೆನಪಿನ ಕಾಣಿಕೆ ಇಲ್ಲದೆ, ಊರವರು ಮುಟ್ಟಿ ನೋಡುವಂತೆ ಇದನ್ನು ಹೇಗೆ ಮಾಡುವುದು? ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು? ಅವರು ಧರ್ಮಪ್ರಚಾರಕ್ಕೆ ಬಂದವರೆಂಬ ಮಾತು ಸಭೆಯಲ್ಲಿ ಎದ್ದರೆ ಹೇಗೆ ಎದುರುಗೊಳ್ಳಬೇಕು? ತಿಳಿದವರು ದಯವಿಟ್ಟು ಬರೆಯಿರಿ.


ಉತ್ತರ: ಜೆಪ್ಪು ಹೆಂಚಿನ ಮನೆಯವ, ಮಂಗಳೂರು

ಟೀಚರೇ, ನಿಮ್ಮ ಬರಹ ಓದಿ ಮನಸ್ಸು ತುಂಬಿತು. ನನ್ನ ಅಪ್ಪ, ಅಮ್ಮ ಇಬ್ಬರೂ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಅಪ್ಪ ಹೆಂಚು ಸುಡುವ ಆವಿಗೆಯ ಕಡೆ, ಅಮ್ಮ ಹೆಂಚು ಹೊರುವ ಹೆಂಗಸರ ಸಾಲಿನಲ್ಲಿ. ಹಾಗಾಗಿ ಒಂದು ತಿದ್ದುಪಡಿ ಹೇಳಲೇಬೇಕು, ಬೇಸರಿಸಬೇಡಿ. ಹೆಂಚಿನಡಿಯ 1865 ಎಂಬುದು ಆ ಹೆಂಚು ಹುಟ್ಟಿದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಗಿಯೋರ್ಗ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ಎಷ್ಟೋ ವರ್ಷ ಅದೇ ಅಂಕಿಯನ್ನು ಅಚ್ಚಿನಲ್ಲಿ ಒತ್ತುತ್ತಿದ್ದರು. ನಿಮ್ಮ ಹೆಂಚು ಅಜ್ಜನ ಕಾಲದ್ದೆಂದರೆ ಅಜ್ಜನ ಕಾಲದ್ದೇ. ಕೈಮುಗಿದದ್ದು ವ್ಯರ್ಥವಾಗಲಿಲ್ಲ ಬಿಡಿ. ಊರಲ್ಲಿ ಹುಡುಕಿದರೆ ಆಲ್ಬುಕರ್ಕ್ 1868 ಎಂಬ ಅಚ್ಚಿನ ಹೆಂಚುಗಳೂ ಸಿಗುತ್ತವೆ. ಅದು ಮಂಗಳೂರಿನವರೇ ಕಟ್ಟಿದ ಮೊದಲ ಕಾರ್ಖಾನೆ. ಜರ್ಮನರು ಶುರುಮಾಡಿ ಮೂರೇ ವರ್ಷಕ್ಕೆ ನಮ್ಮವರು ಅದನ್ನು ಕೈವಶ ಮಾಡಿಕೊಂಡರು. ಎರಡನ್ನೂ ಅಕ್ಕಪಕ್ಕ ಇಡಿ, ಮಕ್ಕಳಿಗೆ ಅರ್ಥವಾಗುತ್ತದೆ.

ಹೆಂಚನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟರೆ ಸಾಲದು. ಅದು ಕೆಲಸ ಮಾಡುವ ರೀತಿ ತೋರಿಸಿ. ಬಗ್ಗಿದ ನಾಡಹೆಂಚನ್ನು ಒಂದರ ಮೇಲೊಂದು ಹೊದಿಸಬೇಕಿತ್ತು. ಮಾಡು ಭಾರವಾಗುತ್ತಿತ್ತು, ಮಂಗ ಹಾರಿದರೆ ಜಾರುತ್ತಿತ್ತು, ಪ್ರತಿ ಬೇಸಿಗೆಯಲ್ಲೂ ಕೈಯಾಡಿಸಬೇಕಿತ್ತು. ಯುರೋಪಿನ ಮಾದರಿಯ ಈ ಚಪ್ಪಟೆ ಹೆಂಚಿಗೆ ಅಂಚಿನಲ್ಲಿ ಕಾಲುವೆ ಇದೆ, ಒಂದರ ಏಣು ಇನ್ನೊಂದರ ಕಾಲುವೆಯಲ್ಲಿ ಕೂರುತ್ತದೆ. ಕೆಳಗಡೆ ಒಂದು ಮೂಗು ಇದೆ, ಅದು ಮಾಡಿನ ಮರದ ಪಟ್ಟಿಗೆ, ಎಂದರೆ ರೀಪಿಗೆ, ಕಚ್ಚಿಕೊಳ್ಳುತ್ತದೆ. ಗಾಳಿ ಬೀಸಿದರೂ ಮೇಲೇಳುವುದಿಲ್ಲ, ನೀರು ಒಳಗೆ ಇಳಿಯುವುದಿಲ್ಲ. ನಾಲ್ಕು ರೀಪು ಹೊಡೆದು ಮೊಣಕಾಲೆತ್ತರದ ಒಂದು ಮಾಡು ಕಟ್ಟಿಸಿ, ಮಕ್ಕಳೇ ಹೊದಿಸಲಿ, ಮೇಲಿಂದ ಒಂದು ಕೊಡ ನೀರು ಸುರಿಯಲಿ. ಯಾವ ಭಾಷಣವೂ ಬೇಡ.

ಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯದು. ಮೊದಮೊದಲು ಎತ್ತು ಕಟ್ಟಿ ಮಣ್ಣು ಹದ ಮಾಡುತ್ತಿದ್ದರು, ಆಮೇಲೆ ಯಂತ್ರ ಬಂತು. ಒತ್ತಿದ ಹಸಿ ಹೆಂಚನ್ನು ನೆರಳಿನಲ್ಲಿ ಹಲವು ದಿನ ಒಣಗಿಸಿ ಆವಿಗೆಗೆ ಏರಿಸುವುದು. ಸುಟ್ಟು ಇಳಿಸಿದ ಹೆಂಚನ್ನು ಅಪ್ಪ ಬೆರಳ ಗಂಟಿನಿಂದ ತಟ್ಟುತ್ತಿದ್ದರು. ಠಣ್ ಎಂದರೆ ಒಂದು ಕಡೆ, ಸದ್ದು ಒಡಕಾದರೆ ಇನ್ನೊಂದು ಕಡೆ. ಕಣ್ಣಿಗೆ ಕಾಣದ ಸೀಳನ್ನು ಅವರ ಕಿವಿ ಹಿಡಿಯುತ್ತಿತ್ತು. ಅಮ್ಮನ ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದ್ದ ಒಂದು ಬಿಲ್ಲೆಯಷ್ಟು ಜಾಗವಿತ್ತು, ಹೆಂಚು ಹೊತ್ತು ಹೊತ್ತು. ಪ್ಲೆಬ್ಸ್ಟರ ಹೆಸರು ಹೇಳುವಾಗ ಈ ಜನರನ್ನೂ ಹೇಳಿ. ಹೆಂಚಿನ ಅಡಿಯಲ್ಲಿ ಅವರ ಹೆಸರು ಒತ್ತಿಲ್ಲ.

ಮತ್ತೊಂದು ಎಚ್ಚರ. ‘ಖಾಕಿ ಬಟ್ಟೆ ಜಗತ್ತಿನಲ್ಲೇ ಮೊದಲು ಹುಟ್ಟಿದ್ದು ಮಂಗಳೂರಿನಲ್ಲಿ’ ಎಂದು ಯಾರಾದರೂ ಫಲಕ ಬರೆದು ತಂದರೆ ಹಾಕಬೇಡಿ. ಮಂಗಳೂರಿನ ಬಲ್ಮಠದಲ್ಲಿದ್ದ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬವರು 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ತಯಾರಿಸಿದ್ದು ನಮ್ಮ ಹೆಮ್ಮೆ. ಆದರೆ ಅದಕ್ಕೂ ಮೊದಲೇ, 1846ರಲ್ಲಿ ವಾಯವ್ಯ ಗಡಿಯಲ್ಲಿ ಕಟ್ಟಿದ ಗೈಡ್ಸ್ ಎಂಬ ಬ್ರಿಟಿಷ್ ಸೇನಾ ಪಡೆಯವರು ಮಣ್ಣುಬಣ್ಣದ ಉಡುಪು ತೊಡುತ್ತಿದ್ದರು. ಇರುವ ಹೆಮ್ಮೆಯೇ ಸಾಕಷ್ಟಿದೆ, ಇಲ್ಲದ್ದನ್ನು ಸೇರಿಸಿ ಅದನ್ನು ಹಗುರ ಮಾಡುವುದು ಬೇಡ.


ಉತ್ತರ: ನಾಪೋಕ್ಲು ಬೆಳೆಗಾರ

ಟೀಚರೇ, ನನಗೆ ಎಪ್ಪತ್ತಾರು ವರ್ಷ. ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ. ‘ಆಚರಣೆ’ ಎಂಬ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿದರು. ಅದೇ ವರ್ಷ ಬಾಸೆಲ್ಲಿನ ಮೂವರು ಪಾದ್ರಿಗಳು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿನಲ್ಲಿ ನೆಲೆ ಹಾಕಿದರು. ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದದ್ದು ಈಸ್ಟ್ ಇಂಡಿಯಾ ಕಂಪನಿಯ 1833ರ ಚಾರ್ಟರ್ ಕಾಯ್ದೆ. 1837ರಲ್ಲಿ ಕಂಪನಿಯ ವಿರುದ್ಧ ದಂಗೆಯೆದ್ದು ಅಮರಸುಳ್ಯದಿಂದ ಹೊರಟ ದಂಡು ಮಂಗಳೂರನ್ನು ಹಿಡಿದಾಗ ಅಲ್ಲಿದ್ದ ಈ ಪಾದ್ರಿಗಳಿಗೆ ನೆರಳಾಗಿದ್ದದ್ದು ಕಂಪನಿ ಸರ್ಕಾರವೇ. ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ನಾನು ಓದಿದ್ದೇನೆ. ಊರು, ಜನ, ರಾಜರ ಬಗ್ಗೆ ಅಷ್ಟು ವಿವರ ಆ ಕಾಲದಲ್ಲಿ ಬೇರೆ ಯಾರೂ ಕೊಟ್ಟಿಲ್ಲ, ನಿಜ. ಆದರೆ ನಮ್ಮ ಕಾರಣವರ, ಎಂದರೆ ಕುಲದ ಹಿರಿಯರ, ಪೂಜೆ, ನಮ್ಮ ದೇವರುಗಳ ಬಗ್ಗೆ ಅವರು ಬರೆಯುವಾಗಿನ ಧಾಟಿ ಓದಿ ನನಗೆ ನೋವಾಗಿದೆ. ಹಿರಿಯರ ಗುಡಿಯಾದ ಕೈಮಡದ ಮುಂದೆ ದೀಪ ಹಚ್ಚಿ ಬೆಳೆದವನಿಗೆ ಆಗುವ ನೋವು ಅದು.

ನಿಮ್ಮ ಅಜ್ಜಿಯ ಕಥೆ ಓದಿದ ಮೇಲೆ ಎರಡು ದಿನ ಉತ್ತರ ಬರೆಯಲಿಲ್ಲ. ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಗದ್ದೆ, ದನ, ಆಳು ಒಂದೇ ಪುಟದಲ್ಲಿವೆ. ಆಳುಗಳ ಹೆಸರಿಲ್ಲ, ಎಣಿಕೆ ಮಾತ್ರ ಇದೆ. ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಓದಿದ್ದು ಮೊನ್ನೆ. ನಿಮ್ಮ ಕಾರ್ಯಕ್ರಮಕ್ಕೆ ಬರುತ್ತೇನೆ. ಆದರೆ ನನ್ನ ಈ ಆಕ್ಷೇಪವನ್ನು ಅಲ್ಲಿಯೂ ಎದ್ದುನಿಂತು ಹೇಳಲು ಬಿಡಬೇಕು.


ಉತ್ತರ: ಮಡಿಕೇರಿ ಓದುಗ

ದಿನಾಂಕದ ಬಗ್ಗೆ ಒಂದು ಮಾತು. ಜುಲೈ 1 ಎಂದರೆ ಆರಿದ್ರಾ ಮಳೆ. ಹೊರಗಿನಿಂದ ಬರುವವರಿಗೆ ಕಷ್ಟ, ಕರೆಂಟೂ ನಂಬುವಂತಿಲ್ಲ. ಕಾವೇರಿ ಸಂಕ್ರಮಣ ಕಳೆದ ಮೇಲೆ, ಅಕ್ಟೋಬರ್ ಕೊನೆಗೆ ಇಟ್ಟುಕೊಂಡರೆ ಜನ ಸೇರುತ್ತಾರೆ. ಮತ್ತೆ ಮಡಿಕೇರಿಯ ಪಾಲನ್ನು ಮರೆಯಬೇಡಿ. ಇಲ್ಲಿನ ಸರ್ಕಾರಿ ಶಾಲೆಯನ್ನು ನಡೆಸಿದ ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದರು, ಅದು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕನ್ನಡ ನಿಘಂಟಿನ ಕಿಟ್ಟೆಲ್ ಕೂಡ ಮಂಗಳೂರು, ಧಾರವಾಡಗಳಂತೆ ನಮ್ಮ ಮಡಿಕೇರಿಯಲ್ಲೂ ಬದುಕಿದವರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ, ಇಲ್ಲಿನ ಮಕ್ಕಳಿಗೆ ಅವರು ಇಲ್ಲಿದ್ದರೆಂದೇ ತಿಳಿಯದು.


ಉತ್ತರ: ವಿರಾಜಪೇಟೆ ನರ್ಸ್, ಈಗ ಸ್ಟುಟ್‌ಗಾರ್ಟ್

ಟೀಚರ್, ನಮಸ್ಕಾರ. ನಾನು ವಿರಾಜಪೇಟೆಯವಳು, ನಾಲ್ಕು ವರ್ಷದಿಂದ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ನೀವು ಬರೆದ ಜನರ ಊರುಗಳ ನಡುವೆಯೇ ಇದ್ದೇನೆಂದು ನನಗೆ ತಡವಾಗಿ ಗೊತ್ತಾಯಿತು. ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಬ್ರಾಕೆನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ, ಸುತ್ತಲೂ ದ್ರಾಕ್ಷಿ ತೋಟಗಳು. 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ, ನನ್ನ ಮನೆಯಿಂದ ರೈಲಿನಲ್ಲಿ ಕಾಲು ಗಂಟೆಯ ದಾರಿ. ಕಳೆದ ವಸಂತದಲ್ಲಿ ರಜೆಯ ದಿನ ಬ್ರಾಕೆನ್‌ಹೈಮ್‌ಗೆ ಹೋಗಿದ್ದೆ. ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷ ತೆಯೊಡೋರ್ ಹಾಯ್ಸ್ ಕೂಡ ಅದೇ ಊರಿನವರು, ಊರ ತುಂಬ ಅವರ ಹೆಸರೇ. ಬೇಕರಿಯಲ್ಲಿ ಬ್ರೆಡ್ ಕೊಳ್ಳುವಾಗ ಅಂಗಡಿಯ ಹಿರಿಯ ಹೆಂಗಸಿಗೆ ‘ನಿಮ್ಮೂರಿನವರೊಬ್ಬರು ನಮ್ಮ ಭಾಷೆಯ ಮೊದಲ ಪತ್ರಿಕೆ ಮಾಡಿದರು’ ಎಂದೆ. ಆಕೆ ಕೈಯಲ್ಲಿದ್ದ ಕಾಗದದ ಚೀಲವನ್ನು ಕೆಳಗಿಟ್ಟು, ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು, ಪೆನ್ನು ಹುಡುಕಿ ಬರೆದುಕೊಂಡರು. ನನಗೆ ಕಣ್ಣು ತುಂಬಿ ಬಂತು.

ಇಲ್ಲಿಗೆ ಬಂದ ಮೊದಲ ವರ್ಷ ನಾನು ಅನುಭವಿಸಿದ್ದನ್ನು ಹೇಳಬೇಕು. ಈ ದೇಶದಲ್ಲಿ ಭಾಷೆಯ ಪರೀಕ್ಷೆ ಪಾಸಾಗದೆ ನರ್ಸ್ ಕೆಲಸವಿಲ್ಲ. ಪುಸ್ತಕದ ಜರ್ಮನ್ ಕಲಿತು ಬಂದೆ, ವಾರ್ಡಿನಲ್ಲಿ ಮುದುಕರು ಆಡುವುದು ಶ್ವಾಬಿಷ್ ಎಂಬ ಬೇರೆಯೇ ಬಗೆಯ ಮಾತು. ‘ನೋಯುತ್ತಿದೆ’ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಪದ ಹೇಳುವರು. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಹಾಸಿಗೆ ಹಾಸಿಗೆಗೂ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದೆ, ಎದುರಿಗೆ ಕನ್ನಡದಲ್ಲಿ ಅರ್ಥ. ಮೂರನೆಯ ನೋಟ್‌ಬುಕ್ ತುಂಬುವಾಗ ಕಿಟ್ಟೆಲ್ ನೆನಪಾದರು. ಅವರೂ ಹೀಗೇ ಯಾರನ್ನೋ ನಿಲ್ಲಿಸಿ ‘ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ’ ಎಂದು ಕೇಳಿರಬೇಕಲ್ಲವೇ? ನಾನು ಮೂರು ನೋಟ್‌ಬುಕ್ಕಿಗೆ ಸುಸ್ತಾದೆ, ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ.

ಒಂದು ವಿಷಯವನ್ನು ಫಲಕದಲ್ಲಿ ಸರಿಯಾಗಿ ಬರೆಸಿ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಮಿಷನ್ ಹುಟ್ಟಿದ್ದು ಅಲ್ಲಿ, 1815ರಲ್ಲಿ. ಬಂದವರಲ್ಲಿ ಹೆಚ್ಚಿನವರು ಈ ವುರ್ಟೆಂಬೆರ್ಗ್ ಸೀಮೆಯವರು. ಕಿಟ್ಟೆಲ್ ಮಾತ್ರ ಬಹಳ ದೂರದ ಉತ್ತರ ಸಮುದ್ರದ ಕಡೆಯವರು. ಇವರೆಲ್ಲ ಹೊರಟಾಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ, ಅದು ಒಂದಾದದ್ದು 1871ರಲ್ಲಿ. ‘ಜರ್ಮನ್ ನಾಡುಗಳಿಂದ ಬಂದವರು’ ಎಂದರೆ ತಪ್ಪಾಗದು. ಇನ್ನು 1914ರಲ್ಲಿ ಯುದ್ಧ ಶುರುವಾದಾಗ ಇಂಗ್ಲಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಶತ್ರು ದೇಶದವರೆಂದು ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ನಾಪೋಕ್ಲುವಿನ ಹಿರಿಯರು ಬರೆದ ಮಾತಿನ ಪಕ್ಕದಲ್ಲಿ ಇದೂ ಇರಲಿ ಎಂದು ಬರೆದೆ.


ಪ್ರಶ್ನೆ ಕೇಳಿದವರ ಉತ್ತರ: ಸಿದ್ದಾಪುರದ ಕನ್ನಡ ಟೀಚರ್

ಒಬ್ಬೊಬ್ಬರ ಉತ್ತರವನ್ನೂ ಅಚ್ಚು ಹಾಕಿಸಿಕೊಂಡು ಗ್ರಂಥಾಲಯದ ಸಮಿತಿಯ ಮುಂದೆ ಓದಿದೆ. ಜೆಪ್ಪುವಿನ ಅಣ್ಣಾ, 1865ರ ತಪ್ಪನ್ನು ತಿದ್ದಿದ್ದಕ್ಕೆ ಋಣಿ. ಇಷ್ಟು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ಇಸವಿ ತಿದ್ದಿದವಳು ನಾನು, ನನ್ನದನ್ನು ತಿದ್ದಲು ನೀವು ಬೇಕಾಯಿತು. ಸಣ್ಣ ಮಾಡು ಕಟ್ಟುವ ಕೆಲಸವನ್ನು ನಮ್ಮೂರ ಬಡಗಿಯವರು ಒಪ್ಪಿಕೊಂಡಿದ್ದಾರೆ, ಕೂಲಿ ಬೇಡವೆಂದರು. ನಿಮ್ಮ ತಂದೆಯವರಂತೆ ಹೆಂಚು ತಟ್ಟಿ ಸದ್ದು ಗುರುತಿಸುವವರು ಯಾರಾದರೂ ಬಂದು ಮಕ್ಕಳಿಗೆ ಅದನ್ನೊಂದು ಕಲಿಸಿದರೆ ಸಾಕು.

ನಾಪೋಕ್ಲುವಿನ ಹಿರಿಯರೇ, ನಿಮ್ಮ ಪತ್ರವನ್ನು ನಾನು ಹಲವು ಸಲ ಓದಿದೆ. ನಿಮ್ಮ ನೋವು ಸುಳ್ಳಲ್ಲ, ನನ್ನ ಅಜ್ಜಿಯ ಹಾಳೆಯೂ ಸುಳ್ಳಲ್ಲ. ಒಂದನ್ನು ಒಪ್ಪಿಕೊಳ್ಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಅವರು ಮತ ಹರಡಲೆಂದೇ ಬಂದರು, ಅದನ್ನು ಫಲಕದ ಮೊದಲ ಸಾಲಿನಲ್ಲೇ ಬರೆಯುತ್ತೇವೆ. ಆದರೆ ಊರಿನ ಜನ ಅವರಿಂದ ತಮಗೆ ಬೇಕಾದ್ದನ್ನು ತೆಗೆದುಕೊಂಡರು. ನನ್ನ ಅಜ್ಜಿಯ ಅಜ್ಜಿ ಅಕ್ಷರವನ್ನು ತೆಗೆದುಕೊಂಡಳು, ಮಂಗಳೂರಿನವರು ಹೆಂಚಿನ ವಿದ್ಯೆ ತೆಗೆದುಕೊಂಡರು. ಕಿಟ್ಟೆಲರು ಪ್ರಕಟಿಸಿದ ನಾಗವರ್ಮನ ಛಂದೋಂಬುಧಿಯನ್ನು, ಅವರ 1894ರ ನಿಘಂಟನ್ನು ಕನ್ನಡದ ವಿದ್ವಾಂಸರು ತೆಗೆದುಕೊಂಡರು. ಮೋಗ್ಲಿಂಗರು 1857ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಇನ್ನೊಂದು ಪುಸ್ತಕ ನಿಮಗೆ ಗೊತ್ತೇ ಇರುತ್ತದೆ: ದೊಡ್ಡವೀರರಾಜೇಂದ್ರರು ಬರೆಸಿದ ‘ರಾಜೇಂದ್ರನಾಮೆ’. ನಮ್ಮ ರಾಜರ ಚರಿತ್ರೆ, ಕನ್ನಡದಲ್ಲೇ. ಕಂಪನಿ ಕಿತ್ತುಕೊಂಡ ರಾಜ್ಯದ ಕಥೆಯನ್ನು ಕಂಪನಿಯ ನೆರಳಲ್ಲಿದ್ದವರೇ ಅಚ್ಚಿನಲ್ಲಿ ಉಳಿಸಿದರು. ಅದರ ಒಂದು ಪುಟವನ್ನು ನೀವು ಸಭೆಯಲ್ಲಿ ಓದಬೇಕು, ಓದಿ ಮುಗಿಸಿ ನಿಮ್ಮ ಆಕ್ಷೇಪವನ್ನೂ ಹೇಳಬೇಕು. ಅರ್ಧ ಗಂಟೆ ನಿಮಗೇ ಮೀಸಲು. ‘ಆಚರಣೆ’ ಎಂಬ ಪದವನ್ನು ಆಮಂತ್ರಣದಿಂದ ತೆಗೆದು ‘ನೆನಪು’ ಎಂದು ಹಾಕಿದ್ದೇವೆ. ಇನ್ನೊಂದು ಬೇಡಿಕೆ, ಇದು ಸಂಕೋಚದಿಂದ. ನಿಮ್ಮ ಐನ್‌ಮನೆಯ ಲೆಕ್ಕದ ಪುಸ್ತಕದ ಆ ಪುಟವನ್ನು ತರಲು ಮನೆಯವರು ಒಪ್ಪುವರೇ? ಒಪ್ಪಿದರೆ ನನ್ನ ಅಜ್ಜಿಯ ಹಾಳೆಯನ್ನು ಅದರ ಪಕ್ಕದಲ್ಲೇ ಇಡುತ್ತೇನೆ. ಒಪ್ಪದಿದ್ದರೂ ನನಗೆ ಬೇಸರವಿಲ್ಲ.

ಸ್ಟುಟ್‌ಗಾರ್ಟಿನ ಮಗಳೇ, ನಿನ್ನ ಆ ಮೂರು ನೋಟ್‌ಬುಕ್ಕುಗಳಲ್ಲಿ ಒಂದನ್ನಾದರೂ ಅಂಚೆಯಲ್ಲಿ ಕಳಿಸು. ನನ್ನ ಬಳಿಯ ಕಿಟ್ಟೆಲ್ ನಿಘಂಟು ಮರುಮುದ್ರಣದ್ದು, ಬೆನ್ನು ಬಿಟ್ಟುಹೋಗಿ ಎರಡು ಸಲ ಅನ್ನದ ಗಂಜಿ ಹಚ್ಚಿ ಅಂಟಿಸಿದ್ದೇನೆ. ಪದದ ಅರ್ಥ ಹುಡುಕಲು ತೆರೆದು ಅಲ್ಲಿ ಸಿಕ್ಕ ಗಾದೆಯನ್ನು ಓದುತ್ತಾ ಕೂತು ಒಲೆಯ ಮೇಲಿನ ಹಾಲು ಉಕ್ಕಿಸಿದ ದಿನಗಳಿವೆ. ಅದರ ಜೊತೆಗೆ ನಿನ್ನ ನೋಟ್‌ಬುಕ್ ಇರಲಿ. ಅಲ್ಲಿಂದ ಇಲ್ಲಿಗೆ ಬಂದವರೂ ಇಲ್ಲಿಂದ ಅಲ್ಲಿಗೆ ಹೋದವರೂ ಒಂದೇ ಮೇಜಿನ ಮೇಲೆ ಸಿಗಲಿ.

ದಿನಾಂಕ ಜುಲೈ 1 ಎಂದೇ ನಿಂತಿತು. ಮಡಿಕೇರಿಯವರ ಮಾತಿನಲ್ಲಿ ನ್ಯಾಯವಿದೆ, ಅಕ್ಟೋಬರಿನಲ್ಲಾದರೆ ಜನ ಜಾಸ್ತಿ ಬಂದಾರು. ಆದರೆ ಹೆಂಚಿನ ಕೆಲಸವನ್ನು ನೋಡಬೇಕಾದದ್ದು ಆರಿದ್ರಾ ಮಳೆಯಲ್ಲೇ. ಗ್ರಂಥಾಲಯದ ಮಾಡು ಕೂಡ ಮಂಗಳೂರು ಹೆಂಚಿನದು, ಮಳೆ ಜೋರಾದರೆ ಮೈಕ್ ಇದ್ದರೂ ಮಾತು ಕೇಳಿಸದು. ಆಗ ಮಾತು ನಿಲ್ಲಿಸಿ ಎಲ್ಲರೂ ಮೇಲೆ ನೋಡೋಣ. ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಕಡುಬು ಮತ್ತು ಕಣಿಲೆ ಪಲ್ಯದ ಊಟ. ಅಕ್ಷರವಿರುವ ಹಳೆಯ ಹೆಂಚು ಮನೆಯಲ್ಲಿದ್ದವರು ಒಂದೊಂದು ತನ್ನಿ, ಹಿಂದೆ ಸೀಮೆಸುಣ್ಣದಲ್ಲಿ ಮನೆಯ ಹೆಸರು ಬರೆದಿರಿ, ಸಂಜೆ ವಾಪಸ್ ಕೊಡುತ್ತೇವೆ. ಪಾಲಿಬೆಟ್ಟ, ಅಮ್ಮತ್ತಿ ಕಡೆಯಿಂದ ನಲವತ್ತರಷ್ಟು ಹೆಂಚು ತರಬೇಕಿದೆ, ಜೀಪ್ ಇರುವವರು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ. ಹುಲ್ಲು ಹಾಸಲು ಮರೆಯಬೇಡಿ, ಒಂದೂ ಒಡೆಯಬಾರದು.